ಅವನನ್ನ ಹೊರಗೆ ಕಳಿಸಬೇಕಾ?

ಮೊದಲೇ ಹೇಳಿಬಿಡ್ತೀನಿ, ಇದು ನನ್ನ ತಪ್ಪಿನಿಂದಲೇ ಶುರುವಾಗೋ ಬರಹ. "ಅಮೆರಿಕಾದಲ್ಲಿ ಕೂತು ನಮಗೆ ನೀತಿ ಹೇಳ್ತೀಯಾ" ಅಂತ ಕಾಮೆಂಟ್ ಹಾಕೋರಿಗೆ ಅಷ್ಟು ಕೆಲಸ ಕಮ್ಮಿಯಾಗಲಿ.

2016ರ ನವೆಂಬರ್, ಒಂದು ಶನಿವಾರ ರಾತ್ರಿ. ನ್ಯೂಜೆರ್ಸಿಯಲ್ಲಿ ನಮ್ಮ ಭಾವನದ್ದು ಪೆಟ್ರೋಲ್ ಬಂಕಿಗೆ ಅಂಟಿಕೊಂಡ ಒಂದು ಅಂಗಡಿ ಇದೆ. ಹಾಲು, ಬ್ರೆಡ್ಡು, ಸಿಗರೇಟು, ಲಾಟರಿ ಟಿಕೆಟ್ಟು, ಕಾಫಿ. ಕಿಟಕಿ ಪಕ್ಕ ಎರಡು ಮೇಜು, ನಾಲ್ಕು ಕುರ್ಚಿ. ನಾನು ವಾರವಿಡೀ ಕಂಪ್ಯೂಟರ್ ಮುಂದೆ ಕೂರೋನು. ಅವತ್ತು ಕೆಲಸದ ಹುಡುಗ ರಜೆ, ಭಾವನಿಗೆ ಬೆನ್ನು ಹಿಡ್ಕೊಂಡಿತ್ತು, ಹಾಗಾಗಿ ಗಲ್ಲಾದ ಹಿಂದೆ ನಾನಿದ್ದೆ.

ಒಂಬತ್ತರ ಸುಮಾರಿಗೆ ಒಬ್ಬ ಬಂದ. ಮೂವತ್ತು ವರ್ಷ ಇರಬಹುದು, ಕಪ್ಪು ವರ್ಣೀಯ, ಬೂದು ಬಣ್ಣದ ಸ್ವೆಟ್‌ಶರ್ಟು, ಅದರ ಟೋಪಿ ತಲೆ ಮೇಲೆ. ಸಣ್ಣ ಕಾಫಿ ತಗೊಂಡ, ದುಡ್ಡು ಕೊಟ್ಟ, ಕಿಟಕಿ ಪಕ್ಕ ಕೂತ. ಹತ್ತಾಯ್ತು, ಕೂತೇ ಇದ್ದ. ಫೋನ್ ನೋಡೋದು, ಹೊರಗೆ ನೋಡೋದು. ಹತ್ತೂಕಾಲಿಗೆ ಭಾವನ ಫೋನು. ಅಂಗಡಿಯ ಆರೂ ಕ್ಯಾಮೆರಾ ಅವರ ಮೊಬೈಲ್‌ನಲ್ಲಿ ಕಾಣುತ್ತೆ, ಮಲಗೋ ಮುಂಚೆ ಒಂದು ಸಲ ಇಣುಕದೇ ಹೋದ್ರೆ ಅವರಿಗೆ ನಿದ್ದೆ ಹತ್ತಲ್ಲ.

"ಯಾರೋ ಅವನು, ಆ ಕರಿಯ? ಎಷ್ಟೊತ್ತಿಂದ ಕೂತಿದಾನೆ?"

"ಒಂದು ಗಂಟೆ ಮೇಲಾಯ್ತು ಭಾವ. ಸುಮ್ನೆ ಕೂತಿದಾನೆ."

"ಸುಮ್ನೆ ಕೂರೋಕೆ ಅದೇನು ಅವರಪ್ಪನ ಮನೆನಾ? ನೀನೊಬ್ನೇ ಇದೀಯ. ಪೊಲೀಸ್ಗೆ ಒಂದು ಫೋನ್ ಹಾಕು, ಅವರು ನೋಡ್ಕೋತಾರೆ."

(ಹಾಸನದ ಕಡೆಯವರು ನಾವು. ಕರಿಯಪ್ಪ, ಕರಿಯಮ್ಮ, ಕರಿಗೌಡ ಅಂತ ಹೆಸರಿಟ್ಕೊಂಡು ಪ್ರೀತಿಯಿಂದ ಕರೆದ ಜನ. ಅದೇ ಪದ ಇಲ್ಲಿ ನಮ್ಮವರ ಬಾಯಲ್ಲಿ ಯಾಕೆ ಬೇರೆ ರುಚಿ ಬರುತ್ತೆ ಅನ್ನೋದು ಇನ್ನೊಂದು ದಿನದ ಪೋಸ್ಟು.)

ಅವನು ಕೂತಿದ್ದು ನನ್ನಿಂದ ಹನ್ನೆರಡು ಅಡಿ ದೂರದಲ್ಲಿ. ಎದ್ದು ಹೋಗಿ "ಯಾರಿಗಾದ್ರೂ ಕಾಯ್ತಿದೀರಾ?" ಅಂತ ಕೇಳಬಹುದಿತ್ತು. ಕೇಳಲಿಲ್ಲ. ಫೋನ್ ಹಾಕಿದೆ.

ಇಬ್ಬರು ಬಂದರು. ಒಬ್ಬ ಮೇಜಿನ ಹತ್ತಿರ ನಿಂತ, ಇನ್ನೊಬ್ಬ ಗಲ್ಲಾಕ್ಕೆ ಬಂದು ನನ್ನನ್ನ ಕೇಳಿದ್ದು ಒಂದೇ ಪ್ರಶ್ನೆ: "ಅವನನ್ನ ಹೊರಗೆ ಕಳಿಸಬೇಕಾ?" ಏನಾಯ್ತು ಅಂತ ಕೇಳಲಿಲ್ಲ. ಗಲಾಟೆ ಮಾಡಿದನಾ, ಕದ್ದನಾ, ಎದ್ದು ಹೋಗು ಅಂತ ನೀನು ಹೇಳಿದ್ಯಾ, ಯಾವುದೂ ಇಲ್ಲ. ಹೋಟೆಲಲ್ಲಿ ಮಾಣಿ ಬಂದು "ಇನ್ನೇನು ಬೇಕು ಸಾರ್" ಅಂದ ಹಾಗೆ. ನಾನು ಹೂಂ ಅಂದೆ.

ಅವನು ಎದ್ದ. ಜಗಳ ಆಡಲಿಲ್ಲ. ನನ್ನ ಕಡೆ ತಿರುಗಿ, "ನಾನು ನಿಮಗೇನಾದ್ರೂ ಅಂದೆನಾ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ, ಲಾಟರಿ ಯಂತ್ರದ ಕಡೆ ನೋಡ್ತಾ ನಿಂತೆ. ಲೈಸೆನ್ಸ್ ಈಸ್ಕೊಂಡು ಹೆಸರು ಬರೆದುಕೊಂಡರು. ಹೊರಡೋ ಮುಂಚೆ ಅವನು ಮಾಡಿದ ಒಂದು ಕೆಲಸ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಪೇಪರ್ ಟಿಶ್ಯೂ ತಗೊಂಡು, ಮೇಜಿನ ಮೇಲೆ ಕಾಫಿ ಲೋಟದ ಗುಂಡನೆಯ ಕಲೆ ಇತ್ತಲ್ಲ, ಅದನ್ನ ಒರೆಸಿ, ಲೋಟ ಕಸದ ಡಬ್ಬಿಗೆ ಹಾಕಿ ಹೋದ.

ಪೊಲೀಸ್ ನನ್ನ ಕೈಗೊಂದು ಹಳದಿ ಕಾಗದ ಕೊಟ್ಟು, "ಅವನನ್ನ ಟ್ರೆಸ್‌ಪಾಸ್ ಮಾಡಿದೀವಿ. ಒಂದು ವರ್ಷದೊಳಗೆ ಮತ್ತೆ ಬಂದ್ರೆ ಫೋನ್ ಮಾಡಿ" ಅಂದ. ಆ ಮಾತಿನ ವ್ಯಾಕರಣ ಗಮನಿಸಿ. ನಮ್ಮ ಕಡೆ ಅತಿಕ್ರಮ ಪ್ರವೇಶ ಮಾಡೋನು ಅತಿಕ್ರಮಿಸಿದವನು. ಇಲ್ಲಿ ಅದು ಪೊಲೀಸರು ಅವನಿಗೆ ಮಾಡೋ ಕ್ರಿಯೆ. ಕೂತಿದ್ದ ಮನುಷ್ಯ ಕೂತಲ್ಲೇ ಇದ್ದ, ನಾವು ಮೂರು ಜನ ಸೇರಿ ಅವನನ್ನ ಅತಿಕ್ರಮಿಯನ್ನಾಗಿ ಮಾಡಿದ್ವಿ.

ಇನ್ನೊಂದು ಮಾತು ಹೇಳದಿದ್ರೆ ಈ ಕಥೆ ಅರ್ಧವಾಗುತ್ತೆ. ಅದೇ ಮೇಜಿನಲ್ಲಿ ದಿನಾ ಬೆಳಿಗ್ಗೆ ಏಳರಿಂದ ಹತ್ತರವರೆಗೆ ರಿಟೈರಾದ ಒಬ್ಬ ಬಿಳಿಯ ಮುದುಕ ಕೂರ್ತಿದ್ದ. ಒಂದು ಸಣ್ಣ ಕಾಫಿ, ಎರಡು ಸಲ ಪುಕ್ಕಟೆ ರೀಫಿಲ್ಲು. ಊರವರ ಆಸ್ತಿ, ಡೈವೋರ್ಸು, ಬೈಪಾಸು ಎಲ್ಲಾ ಅವನಿಗೆ ಗೊತ್ತು. ಭಾವ ಅವನಿಗೆ ಇಟ್ಟ ಹೆಸರು "ನಮ್ಮ ಶಾನುಭೋಗರು".

ಒಂದೂವರೆ ವರ್ಷ ಆದಮೇಲೆ, 2018ರ ಏಪ್ರಿಲ್ 12ಕ್ಕೆ, ನಮ್ಮಿಂದ ಒಂದು ಗಂಟೆ ದಾರಿಯ ಫಿಲಡೆಲ್ಫಿಯಾದಲ್ಲಿ, ಸ್ಟಾರ್‌ಬಕ್ಸ್ ಅನ್ನೋ ಕಾಫಿ ಅಂಗಡಿಯಲ್ಲಿ, ಆ ಘಟನೆ ಆಯ್ತು. ಹದಿನೆಂಟನೇ ರಸ್ತೆ ಮತ್ತು ಸ್ಪ್ರೂಸ್ ರಸ್ತೆ ಸೇರೋ ಮೂಲೆ, ಹಣವಂತರ ಬಡಾವಣೆ. ಇಪ್ಪತ್ಮೂರು ವರ್ಷದ ಇಬ್ಬರು ಕಪ್ಪು ಯುವಕರು, ಒಬ್ಬ ರಿಯಲ್ ಎಸ್ಟೇಟ್ ಉದ್ಯಮಿ ಜೊತೆ ಮುಕ್ಕಾಲು ಐದಕ್ಕೆ ಮೀಟಿಂಗು, ಹತ್ತು ನಿಮಿಷ ಮುಂಚೆ ಬಂದಿದ್ದಾರೆ. ಒಬ್ಬ ಶೌಚಾಲಯ ಕೇಳಿದ, ಗಿರಾಕಿಗಳಿಗೆ ಮಾತ್ರ ಅಂದರು. ಸರಿ ಅಂತ ಕೂತರು. ಅವರು ಬಂದ ಎರಡು ನಿಮಿಷಕ್ಕೆ ಮ್ಯಾನೇಜರ್ 911ಕ್ಕೆ ಫೋನ್ ಮಾಡಿದ್ದಾಳೆ. ಎರಡು ನಿಮಿಷ! ನಮ್ಮೂರ ದರ್ಶಿನಿಯಲ್ಲಿ ಅಷ್ಟು ಹೊತ್ತಿಗೆ ಟೋಕನ್ ಕೂಡ ಸಿಕ್ಕಿರಲ್ಲ. ಪೊಲೀಸರು ಬಂದು ಹೋಗಿ ಅಂದರು, ಇವರು ಕಾಯ್ತಿದೀವಿ ಅಂದರು, ಕೈಗೆ ಬೇಡಿ ಬಿತ್ತು. ಬೇಡಿ ಹಾಕೋ ಹೊತ್ತಿಗೆ ಆ ಬಿಳಿಯ ಉದ್ಯಮಿ ಬಂದು, ಇವರು ಮಾಡಿದ್ದಾದ್ರೂ ಏನು ಅಂತ ಕೇಳ್ತಾನೆ. ಆ ಪ್ರಶ್ನೆ ಕೇಳಬೇಕಿದ್ದವನು ಪೊಲೀಸ್. ಯುವಕರು ಮಧ್ಯರಾತ್ರಿ ದಾಟಿದ ಮೇಲೆ ಹೊರಗೆ ಬಂದರು, ಕೇಸ್ ನಡೆಸೋಕೆ ಸರ್ಕಾರಿ ವಕೀಲರ ಕಚೇರಿ ಒಪ್ಪಲಿಲ್ಲ.

ಬೇಡಿ ಹಾಕಿದ್ದರ ವಿಡಿಯೋ ಎಲ್ಲರೂ ನೋಡಿದ್ರು. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ "ಎಂಥಾ ಅನ್ಯಾಯ" ಅಂತ ಸಾಲು ಸಾಲು ಮೆಸೇಜು. ಭಾವನೂ ಒಂದು ಹಾಕಿದ್ರು. ನಾನು ಏನೂ ಬರೆಯಲಿಲ್ಲ.

ಆಗಿನ ಪೊಲೀಸ್ ಕಮಿಷನರ್ ರಿಚರ್ಡ್ ರಾಸ್, ಸ್ವತಃ ಕಪ್ಪು ವರ್ಣೀಯ. ಮೊದಲು ಅವರು ಹೇಳಿದ್ದು, ನಮ್ಮವರದ್ದು ಯಾವ ತಪ್ಪೂ ಇಲ್ಲ, ಅಂಗಡಿಯವರು ದೂರು ಕೊಟ್ಟರು, ಕಾನೂನು ಪ್ರಕಾರ ನಡಕೊಂಡಿದ್ದಾರೆ ಅಂತ. ಒಂದು ವಾರಕ್ಕೆ ಕ್ಷಮೆ ಕೇಳಿದರು. ಸ್ಟಾರ್‌ಬಕ್ಸಿನಲ್ಲಿ ಏನೂ ಕೊಳ್ಳದೇ ಜನ ಕೂರೋದು ಮಾಮೂಲಿ ಅನ್ನೋದೇ ನನಗೆ ಗೊತ್ತಿರಲಿಲ್ಲ ಅಂತಲೂ ಒಪ್ಪಿಕೊಂಡರು. ಕಂಪನಿ ಮೇ 29ರ ಮಧ್ಯಾಹ್ನ ಸುಮಾರು 8,000 ಅಂಗಡಿ ಮುಚ್ಚಿ 1,75,000 ನೌಕರರಿಗೆ ಪಾಠ ಮಾಡಿಸಿತು. ಯುವಕರು ನಗರದ ಜೊತೆ ರಾಜಿಯಾಗಿದ್ದು ತಲಾ ಒಂದು ಡಾಲರಿಗೆ, ಜೊತೆಗೆ ಎಳೆಯ ಉದ್ಯಮಿಗಳಿಗಾಗಿ 2,00,000 ಡಾಲರಿನ ನಿಧಿ. (ಕಂಪನಿ ಜೊತೆಗಿನ ರಾಜಿ ಬೇರೆ, ಅದರ ಮೊತ್ತ ಬಹಿರಂಗ ಮಾಡಲಿಲ್ಲ.) ಆ ಒಂದು ಡಾಲರ್ ಓದಿದಾಗ ನಾನು ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನಾಟಕ ಅಲ್ಲಿಗೇ ಮುಗೀಲಿಲ್ಲ. ಆ ಪ್ರದೇಶದ ಮೇಲ್ವಿಚಾರಣೆ ನೋಡ್ತಿದ್ದ ಬಿಳಿಯ ಮ್ಯಾನೇಜರ್ ಒಬ್ಬರನ್ನ ಕಂಪನಿ ಕೆಲಸದಿಂದ ತೆಗೀತು. ಅವತ್ತು ಆಕೆ ಅಂಗಡಿಯಲ್ಲೇ ಇರಲಿಲ್ಲ. ನಾನು ಬಿಳಿಯಳು ಅಂತಲೇ ಬಲಿ ಕೊಟ್ರಿ ಅಂತ ಕೋರ್ಟಿಗೆ ಹೋದರು, 2023ರಲ್ಲಿ ನ್ಯೂಜೆರ್ಸಿಯ ಜ್ಯೂರಿ 25.6 ಮಿಲಿಯನ್ ಡಾಲರ್ ಕೊಡಿಸಿತು. ಬೇಡಿ ಹಾಕಿಸಿಕೊಂಡವರಿಗೆ ನಗರದಿಂದ ಒಂದೊಂದು ಡಾಲರ್, ಕೆಲಸ ಕಳಕೊಂಡವರಿಗೆ ಇಷ್ಟು.

ಎಲ್ಲರೂ ಅವತ್ತು ಫೋನ್ ಮಾಡಿದ ಮ್ಯಾನೇಜರ್ ಬಗ್ಗೆ ಮಾತಾಡಿದ್ರು. ಅವಳ ಮನಸ್ಸಲ್ಲಿ ಏನಿತ್ತು, ಅವಳಿಗೆ ಏನು ತರಬೇತಿ ಕೊಡಬೇಕು. ನನ್ನ ತಲೆಯಲ್ಲಿ ಓಡ್ತಿದ್ದಿದ್ದು ಮಾತ್ರ ಆ ಒಂದು ಪ್ರಶ್ನೆ. "ಅವನನ್ನ ಹೊರಗೆ ಕಳಿಸಬೇಕಾ?"

ನೋಡಿ, ಅಂಗಡಿಯವನ ಕಣ್ಣು ಸಾವಿರ ಕಾರಣಕ್ಕೆ ಕೆಟ್ಟಿರುತ್ತೆ. ಭಯ, ನಿದ್ದೆಗೆಟ್ಟ ರಾತ್ರಿ, ಟಿವಿ, ಭಾವನ ಫೋನು. ಆ ಕಣ್ಣಿಗೆ ಬೇಡಿ ಹಾಕೋ ಅಧಿಕಾರ ಇಲ್ಲ, ಪಿಸ್ತೂಲೂ ಇಲ್ಲ. ಅದೆರಡೂ ಇರೋದು ಪೊಲೀಸ್ ಹತ್ತಿರ, ಜೊತೆಗೆ ವಿವೇಚನಾಧಿಕಾರ ಅಂತ ಇನ್ನೊಂದನ್ನೂ ಕೊಟ್ಟಿರ್ತಾರೆ. ಬಂಧಿಸಬಹುದು, ಬಂಧಿಸದೇನೂ ಇರಬಹುದು. ಮಾತಾಡಿಸಿ ಕಳಿಸಬಹುದು. ಅಂಗಡಿಯವನಿಗೇ "ಇದು ನಮ್ಮ ಕೆಲಸ ಅಲ್ಲ ಸ್ವಾಮಿ" ಅನ್ನಬಹುದು. ಆದ್ರೆ ಅವರು ಬಂದು ಅಂಗಡಿಯವನ ಕಣ್ಣನ್ನೇ ಕಡ ತಗೊಂಡು ನೋಡಿದ್ರೆ? ದೂರು ಅನ್ನೋದು ಆಜ್ಞೆ ಆಗುತ್ತೆ. ಆಮೇಲೆ ಕೇಳಿದ್ರೆ ಅಂಗಡಿಯವನು "ನಾನು ಬರೀ ಫೋನ್ ಮಾಡಿದ್ದು, ಕರ್ಕೊಂಡು ಹೋಗಿದ್ದು ಪೊಲೀಸ್ನೋರು" ಅಂತಾನೆ. ಪೊಲೀಸ್ನೋರು "ಮಾಲೀಕರು ದೂರು ಕೊಟ್ರು, ನಾವೇನು ಮಾಡೋಣ" ಅಂತಾರೆ. ನನ್ನ ಭಾವನ ಬಾಯಲ್ಲಿ "ಅವರು ನೋಡ್ಕೋತಾರೆ", ಅವರ ಬಾಯಲ್ಲಿ "ಅವರು ಹೇಳಿದ್ರು". ಬಣ್ಣ ನೋಡಿ ತೀರ್ಮಾನ ಮಾಡಿದವರು ಯಾರು ಅಂತ ಹುಡುಕಿದ್ರೆ ಯಾರೂ ಇಲ್ಲ.

2018ರ ಜೂನ್‌ನಲ್ಲಿ ಫಿಲಡೆಲ್ಫಿಯಾ ಪೊಲೀಸ್ ಹೊಸ ನಿಯಮ ತಂತು. ಮೊದಲು ಮಾತಾಡಿಸಿ ತಣ್ಣಗೆ ಮಾಡೋ ಪ್ರಯತ್ನ ಆಗಬೇಕು, ಹೋಗು ಅಂದರೂ ಆ ವ್ಯಕ್ತಿ ಹೋಗಲ್ಲ ಅಂದದ್ದನ್ನ ಪೊಲೀಸ್ ಸ್ವಂತ ಕಣ್ಣಾರೆ ನೋಡಿರಬೇಕು, ಆಮೇಲೇ ಬಂಧನದ ಮಾತು. 8,000 ಅಂಗಡಿ ಮುಚ್ಚಿದ್ದು ದೊಡ್ಡ ಸುದ್ದಿಯಾಯ್ತು, ಈ ನಿಯಮ ಒಳಪುಟದ ಸುದ್ದಿಯಾಯ್ತು. ನನ್ನ ಪ್ರಕಾರ ಆ ಇಡೀ ಗಲಾಟೆಯಿಂದ ಹುಟ್ಟಿದ ಕೆಲಸದ ವಿಷಯ ಇದೊಂದೇ.

ಯಾಕಂದ್ರೆ ಅಂಗಡಿಯವನನ್ನ ತಿದ್ದಿಬಿಟ್ರೆ ಎಲ್ಲಾ ಸರಿಹೋಗುತ್ತೆ ಅನ್ನೋರಿಗೆ ಮಯಾಮಿ ಗಾರ್ಡನ್ಸ್ ಕಥೆ ಗೊತ್ತಿಲ್ಲ. ಫ್ಲಾರಿಡಾದ ಊರು, ಬಹುಪಾಲು ಕಪ್ಪು ವರ್ಣೀಯರೇ ಇರೋ ಜಾಗ. ಅಲ್ಲಿ ಪೊಲೀಸರು ಅಂಗಡಿಗಳಿಗೆಲ್ಲ ಒಂದು ಬೋರ್ಡು ಹಾಕಿಸಿದ್ರು: ಇಲ್ಲಿ ಸುಮ್ಮನೆ ನಿಲ್ಲೋರ ಬಗ್ಗೆ ಶೂನ್ಯ ಸಹನೆ. ಬೋರ್ಡ್ ಹಾಕಿಸಿಕೊಂಡ್ರೆ ಮಾಲೀಕ ಪ್ರತಿ ಸಲ ಫೋನ್ ಮಾಡೋದೇ ಬೇಡ, ಅವನ ದೂರು ಮೊದಲೇ ಬರೆದಿಟ್ಟ ಹಾಗೆ. ಒಬ್ಬ ಅಂಗಡಿ ಮಾಲೀಕನೂ ಒಪ್ಪಿಕೊಂಡ. ಆಮೇಲೆ ನೋಡಿದ್ರೆ ಅವನ ಅಂಗಡಿಯಲ್ಲೇ ಕೆಲಸ ಮಾಡೋ ಇಪ್ಪತ್ತೆಂಟು ವರ್ಷದ ಕಪ್ಪು ಹುಡುಗನನ್ನ ಮತ್ತೆ ಮತ್ತೆ ಹಿಡಿದುಕೊಂಡು ಹೋಗ್ತಿದ್ದಾರೆ. ನಾಲ್ಕು ವರ್ಷದಲ್ಲಿ 258 ಸಲ ತಡೆದು ವಿಚಾರಿಸಿದ್ದು. 62 ಸಲ ಅತಿಕ್ರಮ ಪ್ರವೇಶ ಅಂತ ಬಂಧಿಸಿದ್ದು, ಬಹಳಷ್ಟು ಸಲ ಅವನು ಕೆಲಸ ಮಾಡೋ ಅಂಗಡಿಯಲ್ಲೇ! ಶೆಲ್ಫಿಗೆ ಸಾಮಾನು ಜೋಡಿಸ್ತಿದ್ದವನು ಅತಿಕ್ರಮಿ. ಮಾಲೀಕ "ಇವನು ನಮ್ಮ ಹುಡುಗ ಕಣ್ರೀ" ಅಂದ, ಕೇಳಲಿಲ್ಲ. ಬೋರ್ಡೇ ಬೇಡ, ನಿಮ್ಮ ಯೋಜನೆಯಿಂದ ನನ್ನ ಹೆಸರು ತೆಗೀರಿ ಅಂದ, ಅದಕ್ಕೂ ಕಿವಿಗೊಡಲಿಲ್ಲ. ಕೊನೆಗೆ ಅಂಗಡಿ ಒಳಗೂ ಹೊರಗೂ ಕ್ಯಾಮೆರಾ ಹಾಕಿಸಿದ, ಕಳ್ಳರಿಗಲ್ಲ, ಪೊಲೀಸರಿಗೆ. 2013ರಲ್ಲಿ ಆ ವಿಡಿಯೋಗಳು ಪತ್ರಿಕೆಗೆ ಹೋದವು, ಫೆಡರಲ್ ಕೋರ್ಟಿಗೆ ಹೋದವು, ವರ್ಷ ಮುಗಿಯೋದರೊಳಗೆ ಪೊಲೀಸ್ ಮುಖ್ಯಸ್ಥ ರಾಜೀನಾಮೆ ಕೊಟ್ಟ.

ನಮ್ಮ ಭಾವನ ಕ್ಯಾಮೆರಾ ನೆನಪಾಯ್ತು ನನಗೆ. ಅದೇ ಕ್ಯಾಮೆರಾ, ತಿರುಗಿಸಿದ ದಿಕ್ಕು ಬೇರೆ.

ಇದೆಲ್ಲ ನಿನ್ನೆ ಮೊನ್ನೆಯದಲ್ಲ. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋದ ವುಲ್‌ವರ್ತ್ ಅಂಗಡಿಯಲ್ಲಿ, ಬಿಳಿಯರಿಗೆ ಮಾತ್ರ ಅಂತಿದ್ದ ಊಟದ ಕೌಂಟರಿನಲ್ಲಿ, ನಾಲ್ಕು ಕಪ್ಪು ವಿದ್ಯಾರ್ಥಿಗಳು ಕೂತಾಗಿನಿಂದ ಅಮೆರಿಕಾದ ದಕ್ಷಿಣದ ಊರೂರಲ್ಲಿ ಹುಡುಗರು ಹೋಗಿ ಕೂತರು. ಅವರನ್ನ ಜೈಲಿಗೆ ಹಾಕೋಕೆ ಕೈಗೆ ಸಿಕ್ಕ ಕಾನೂನುಗಳಲ್ಲಿ ದೊಡ್ಡದು ಇದೇ ಟ್ರೆಸ್‌ಪಾಸು. ಅದರಲ್ಲಿ ಬಣ್ಣದ ಹೆಸರೇ ಇಲ್ಲ ನೋಡಿ, ಎಷ್ಟು ಶುಭ್ರವಾಗಿದೆ. ಬಾಲ್ಟಿಮೋರಿನ ಒಂದು ಹೋಟೆಲಿನಲ್ಲಿ ಕೂತು ಶಿಕ್ಷೆಯಾದ ಹನ್ನೆರಡು ವಿದ್ಯಾರ್ಥಿಗಳಲ್ಲಿ ರಾಬರ್ಟ್ ಬೆಲ್ ಅಂತ ಹದಿನಾರು ವರ್ಷದ ಹುಡುಗ ಒಬ್ಬ. ಮೇರಿಲ್ಯಾಂಡಿನ ಉಚ್ಚ ನ್ಯಾಯಪೀಠ ಆ ಶಿಕ್ಷೆ ಎತ್ತಿಹಿಡೀತು, ಕೇಸ್ ಸುಪ್ರೀಂ ಕೋರ್ಟಿನವರೆಗೂ ಹೋಗಿ ವಾಪಸ್ ಬಂತು. 1996ರಲ್ಲಿ ಅದೇ ಪೀಠಕ್ಕೆ ಮುಖ್ಯ ನ್ಯಾಯಾಧೀಶನಾಗಿ ಬಂದು ಕೂತವನು ಅದೇ ಬೆಲ್.

1964ರ ನಾಗರಿಕ ಹಕ್ಕುಗಳ ಕಾಯ್ದೆ ಬಂದಮೇಲೆ ಹೋಟೆಲು, ಲಾಡ್ಜು, ಥಿಯೇಟರು, ಪೆಟ್ರೋಲ್ ಬಂಕುಗಳಲ್ಲಿ ಬಣ್ಣ ನೋಡಿ ಹೊರಗೆ ಹಾಕೋ ಹಾಗಿಲ್ಲ ಅಂತಾಯ್ತು. ತಮಾಷೆ ಅಂದ್ರೆ ಆ ಪಟ್ಟಿಯಲ್ಲಿ ಸಾಮಾನ್ಯ ಅಂಗಡಿಗಳ ಹೆಸರಿಲ್ಲ. ನಮ್ಮ ಸಂವಿಧಾನದ 15ನೇ ವಿಧಿ 1950ರಲ್ಲೇ ಕೊಟ್ಟ ಪಟ್ಟಿ ಶುರುವಾಗೋದೇ ಅಂಗಡಿಯಿಂದ: ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲು. ಬರೆದವರಿಗೆ ಗೊತ್ತಿತ್ತು, ಅಂಗಡಿ ಬಾಗಿಲಲ್ಲಿ ಏನೇನಾಗುತ್ತೆ ಅಂತ.

ನನಗೂ ಗೊತ್ತಿರಬೇಕಿತ್ತು. ನಮ್ಮಪ್ಪನದ್ದು ಕಿರಾಣಿ ಅಂಗಡಿ, ಪೇಟೆಬೀದಿಯಲ್ಲಿ. ಮುಂದೆ ಕಲ್ಲಿನ ಜಗಲಿ. ಏನೂ ಕೊಳ್ಳದೇ ಅರ್ಧ ದಿನ ಕೂತು ಎಲೆಯಡಿಕೆ ಹಾಕ್ಕೊಂಡು ಹೋಗೋರು. ಅಪ್ಪ ಒಂದು ದಿನವೂ ಯಾರನ್ನೂ ಏಳು ಅನ್ನಲಿಲ್ಲ, ನಮ್ಮ ಮನೆಯಲ್ಲಿ ಅದನ್ನ ದೊಡ್ಡತನ ಅಂತ ಹೇಳಿಕೊಳ್ತೀವಿ. ಆದರೆ ಏಳು ಅನ್ನೋ ಪ್ರಮೇಯ ಯಾಕೆ ಬರಲಿಲ್ಲ ಅಂದ್ರೆ, ಕೇರಿಯವರು ಜಗಲಿ ಹತ್ತುತ್ತಲೇ ಇರಲಿಲ್ಲ. ಕೆಳಗೆ ನಿಂತು ಬೆಲ್ಲ ಕೇಳೋರು. ಅಪ್ಪ ಪೊಟ್ಟಣ ಕಟ್ಟಿ ಅವರ ಕೈಗೆ ಕೊಡದೆ ಜಗಲಿ ಅಂಚಿಗೆ ಇಡೋರು. ಪೊಲೀಸ್ ಬೇಕಾಗಲಿಲ್ಲ ಅಷ್ಟೇ. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್‌ನಲ್ಲಿ ಪಂಚೆ ಉಟ್ಟ ರೈತನನ್ನ ಸೆಕ್ಯೂರಿಟಿಯವರು ತಡೆದಾಗ ಸರ್ಕಾರ ಮಾಲನ್ನೇ ಏಳು ದಿನ ಮುಚ್ಚಿಸಿತಲ್ಲ, ಆಗ ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಾಡಿದ್ದು ನಮ್ಮ ಭಾವ. ಅವರ ತಂದೆ ಕೊನೆವರೆಗೂ ಪಂಚೆಯೇ ಉಟ್ಟವರು.

ಭಾವನನ್ನ ನಾನಿಲ್ಲಿ ಖಳನಾಯಕ ಮಾಡ್ತಿಲ್ಲ, ಅವರೂ ಇದನ್ನ ಓದ್ತಾರೆ. ಅವರ ಅಂಗಡಿಗೆ ಎರಡು ಸಲ ದರೋಡೆ ಆಗಿದೆ. ಒಂದು ಸಲ ಪಿಸ್ತೂಲು ಹಣೆಗಿಟ್ಟು ಗಲ್ಲಾ ಖಾಲಿ ಮಾಡಿಸಿದ್ರು. ಅಕ್ಕ ಆರು ತಿಂಗಳು ರಾತ್ರಿ ಎದ್ದೆದ್ದು ಕೂರ್ತಿದ್ಲು. ಶೌಚಾಲಯದಲ್ಲಿ ಸೂಜಿ ಸಿಕ್ಕಿದೆ. ರಾತ್ರಿ ಹನ್ನೊಂದಕ್ಕೆ ಒಬ್ಬನೇ ನಿಂತವನಿಗೆ "ಪೂರ್ವಗ್ರಹ ಬಿಡಿ" ಅಂತ ಉಪದೇಶ ಮಾಡೋದು, ಮನೆಯಲ್ಲಿ ಸೋಫಾ ಮೇಲೆ ಕೂತವನಿಗೆ ಬಹಳ ಸುಲಭ. (ಅವರಿಗೆ ಪಿಸ್ತೂಲು ತೋರಿಸಿದವನು ಬಿಳಿಯ, ಅದು ಬೇರೆ ಮಾತು. ಭಯಕ್ಕೆ ಲೆಕ್ಕ ಬರಲ್ಲ.) ಅದಕ್ಕೇ ನಾನು ಹೇಳೋದು, ಫೋನ್ ಮಾಡಬೇಡಿ ಅಂತಲ್ಲ. ಮಾಡಿ. ಹೆದರಿಕೆಯಾದವನು ಫೋನ್ ಮಾಡಲೇಬೇಕು. ಆದರೆ ಬಂದವನು ಹೆದರಿದವನ ಕೂಲಿಯಾಳು ಆಗಬಾರದು. ಅವನು ಗಲ್ಲಾಕ್ಕೆ ಬಂದು "ಕೂತಿದ್ದು ಬಿಟ್ಟು ಅವನು ಇನ್ನೇನು ಮಾಡಿದ?" ಅಂತ ಕೇಳಬೇಕು. ನನ್ನನ್ನ ಅವತ್ತು ಹಾಗೆ ಕೇಳಿದ್ದಿದ್ರೆ ನಾನು "ಏನೂ ಇಲ್ಲ ಸಾರ್" ಅಂತಿದ್ದೆ. ಖಂಡಿತಾ ಅಂತಿದ್ದೆ, ನಾನೇನು ಅಂಥಾ ಗಟ್ಟಿ ಆಸಾಮಿ ಅಲ್ಲ.

ಅಂದಹಾಗೆ ನ್ಯೂಜೆರ್ಸಿಯಲ್ಲಿ ಮಾಲೀಕ ಹೇಳಿದ್ದೇ ಕೊನೆ ಮಾತು ಅಂತೇನೂ ಇಲ್ಲ. 1982ರಲ್ಲಿ ಅಟ್ಲಾಂಟಿಕ್ ಸಿಟಿಯ ಒಂದು ಕ್ಯಾಸಿನೊ, ಇಸ್ಪೀಟಿನಲ್ಲಿ ಎಲೆ ಲೆಕ್ಕ ಇಟ್ಟು ಗೆಲ್ಲುತ್ತಿದ್ದ ಕೆನ್ ಉಸ್ಟನ್ ಅನ್ನೋನನ್ನ ಹೊರಗಿಟ್ಟ ಕೇಸಿನಲ್ಲಿ, ಜನರಿಗೆಲ್ಲ ಬಾಗಿಲು ತೆರೆದವರು ಸಕಾರಣ ಇಲ್ಲದೆ ಒಬ್ಬನನ್ನ ಹೊರಗೆ ಹಾಕೋ ಹಾಗಿಲ್ಲ ಅಂತ ಈ ರಾಜ್ಯದ ಸುಪ್ರೀಂ ಕೋರ್ಟು ಹೇಳಿದೆ. ಇಸ್ಪೀಟು ಆಡೋನಿಗೆ ಸಿಕ್ಕ ಮರ್ಯಾದೆ ಕಾಫಿ ಕುಡಿಯೋನಿಗೆ ಸಿಗಲಿಲ್ಲ.

ಇನ್ನು "ನಮಗ್ಯಾಕೆ ಕಪ್ಪು ಬಿಳಿ ಜಗಳ" ಅನ್ನೋ ನಮ್ಮವರಿಗೆ ಒಂದೇ ಮಾತು. 2015ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್ ಅನ್ನೋ ಊರಿಗೆ ಮೊಮ್ಮಗನನ್ನ ನೋಡ್ಕೊಳ್ಳೋಕೆ ಗುಜರಾತಿನಿಂದ 57 ವರ್ಷದ ಅಜ್ಜ ಬಂದಿದ್ದರು. ಬೆಳಿಗ್ಗೆ ಮನೆ ಮುಂದಿನ ರಸ್ತೆಯಲ್ಲಿ ವಾಕಿಂಗ್ ಹೊರಟಿದ್ದಾರೆ. ಯಾರೋ ನೆರೆಯವರು ಪೊಲೀಸಿಗೆ ಫೋನ್ ಮಾಡಿದ್ರು, ಒಬ್ಬ ಸಣಕಲು ಕಪ್ಪು ಮನುಷ್ಯ ಓಡಾಡ್ತಿದಾನೆ ಅಂತ. ಪೊಲೀಸ್ ಬಂದು, ಇಂಗ್ಲಿಷ್ ಬರದ ಅಜ್ಜನನ್ನ ನೆಲಕ್ಕೆ ಕೆಡವಿದ. ಕತ್ತಿನ ಮೂಳೆಗೆ ಪೆಟ್ಟು ಬಿದ್ದು ಭಾಗಶಃ ಪಾರ್ಶ್ವವಾಯು ಆಯ್ತು. ಆ ಪೊಲೀಸ್ ಖುಲಾಸೆಯಾದ. ಫೋನ್ ಮಾಡಿದವರ ಕಣ್ಣಿಗೆ ನಮ್ಮ ಅಜ್ಜಂದಿರೂ ಅವರೇ. ನಮ್ಮಮ್ಮ ಬಂದಾಗಲೆಲ್ಲ ಬೆಳಿಗ್ಗೆ ಸ್ವೆಟರ್ ಮೇಲೆ ಶಾಲು ಹೊದ್ಕೊಂಡು, ಅಕ್ಕಪಕ್ಕದ ಮನೆಗಳ ಗುಲಾಬಿ ಗಿಡ ಬಗ್ಗಿ ನೋಡ್ತಾ ಹೋಗ್ತಾಳೆ. ನಾನು ಕಿಟಕಿಯಿಂದ ನೋಡ್ತಾ ನಿಂತಿರ್ತೀನಿ.

2025ರ ಜನವರಿಯಲ್ಲಿ ಸ್ಟಾರ್‌ಬಕ್ಸ್ ತನ್ನ ನಿಯಮ ವಾಪಸ್ ತಗೊಂತು. 2018ರಲ್ಲಿ ಯಾರು ಬೇಕಾದ್ರೂ ಕೂರಬಹುದು ಅಂದವರು, ಈಗ ಕೊಂಡವರು ಮಾತ್ರ ಅಂದರು. ಭಾವ ಆ ಸುದ್ದಿಯನ್ನ ನನಗೇ ಕಳಿಸಿ, ಪಕ್ಕದಲ್ಲಿ ಹೆಬ್ಬೆರಳಿನ ಚಿತ್ರ ಹಾಕಿದ್ರು. ಗಿರಾಕಿಗೇ ಕುರ್ಚಿ ಅನ್ನೋ ನಿಯಮದಲ್ಲಿ ನನಗೇನೂ ತಕರಾರಿಲ್ಲ, ಬಾಡಿಗೆ ಕಟ್ಟೋರು ಅವರು. ಆದರೆ ನಾನು ಫೋನ್ ಮಾಡಿ ಎಬ್ಬಿಸಿದವನು ಕಾಫಿ ಕೊಂಡಿದ್ದ. ಶಾನುಭೋಗರು ಕೊಂಡಿದ್ದೂ ಅದೇ ಅಳತೆಯ ಕಾಫಿ.

ಹೋದ ತಿಂಗಳು ಅಂಗಡಿಗೆ ಹೋಗಿದ್ದೆ. ಕಿಟಕಿ ಪಕ್ಕದ ಮೇಜು ಈಗಿಲ್ಲ. ಕೊರೋನಾ ಟೈಮಲ್ಲಿ ತೆಗೆದಿದ್ದು, ಮತ್ತೆ ಹಾಕಲಿಲ್ಲ, ಅಲ್ಲಿ ಚಿಪ್ಸಿನ ಸ್ಟ್ಯಾಂಡು ಬಂದಿದೆ. ಶಾನುಭೋಗರು ಹೊರಗೆ ಐಸ್ ಡಬ್ಬಿಗೆ ಒರಗಿ ನಿಂತು ಕಾಫಿ ಕುಡೀತಾರೆ. ಒಳಗಿನ ಆಫೀಸು ರೂಮಿನ ಬಾಗಿಲ ಹಿಂದೆ ಆ ಹಳದಿ ಕಾಗದ ಇನ್ನೂ ಅಂಟಿಕೊಂಡಿತ್ತು. ಅದರ ಅವಧಿ 2017ಕ್ಕೇ ಮುಗಿದಿದೆ. ಹೆಸರು, ಹುಟ್ಟಿದ ತಾರೀಖು, ಎತ್ತರ, ಎಲ್ಲಾ ಇದೆ. ಕಾರಣ ಬರೆಯೋ ಜಾಗದಲ್ಲಿ ಮಾಲೀಕರ ಕೋರಿಕೆ ಅಂತಿದೆ. ನಾನು ಅದನ್ನ ಕಿತ್ತೆ.

ಭಾವ ಗಲ್ಲಾದಿಂದಲೇ ಬಗ್ಗಿ ನೋಡಿದ್ರು. "ಏನೋ ಅದು?"

"ಹಳೇದು ಭಾವ, ಬೇಡದ್ದು."

"ಟೇಪ್ ಹಾಗೇ ಬಿಡೋ, ಅಲ್ಲಿ ಲಾಟರಿ ಲೈಸೆನ್ಸಿನ ಕಾಪಿ ಹಾಕಬೇಕು."